ಪಟ್ಟಿಂಗ್ ಅಭ್ಯಾಸ: ದಿಕ್ಕಿಗಿಂತ ಮೊದಲು ವೇಗ

ಪಾರ್ 72ರ, ಅಂದರೆ 18 ಹೋಲ್‌ಗಳನ್ನು 72 ಹೊಡೆತಗಳಲ್ಲಿ ಮುಗಿಸಬೇಕೆಂಬ ಲೆಕ್ಕದ ಗಾಲ್ಫ್ ಅಂಗಳದಲ್ಲಿ ಪ್ರತಿ ಹೋಲ್‌ಗೆ ಎರಡರಂತೆ 36 ಹೊಡೆತಗಳನ್ನು, ಅಂದರೆ ಒಟ್ಟು ಲೆಕ್ಕದ ಅರ್ಧವನ್ನು, ಗ್ರೀನ್ (ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ನೆಲ) ಮೇಲಿನ ಆಟಕ್ಕೇ, ಅಂದರೆ ಪಟ್ಟಿಂಗ್‌ಗೇ ಇಟ್ಟಿರುತ್ತಾರೆ. ಆದರೂ ಅಭ್ಯಾಸಕ್ಕೆ ಬರುವ ಹೆಚ್ಚಿನವರು ಡ್ರೈವರ್ ಹಿಡಿದು ದೂರದ ಹೊಡೆತಗಳಲ್ಲೇ ಹೊತ್ತು ಕಳೆದು, ಕೊನೆಗೆ ಉಳಿದ ಕೆಲವು ನಿಮಿಷಗಳನ್ನು ಮಾತ್ರ ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಕೋಲಾದ ಪಟ್ಟರ್‌ಗೆ ಕೊಡುತ್ತಾರೆ. ಆಗಲೂ ಅವರ ಗಮನವೆಲ್ಲ ಚೆಂಡು ಯಾವ ದಿಕ್ಕಿಗೆ ಹೋಗಬೇಕು ಎಂಬುದರ ಮೇಲಿರುತ್ತದೆಯೇ ಹೊರತು ಎಷ್ಟು ವೇಗದಲ್ಲಿ ಹೋಗಬೇಕು ಎಂಬುದರ ಮೇಲಿರುವುದಿಲ್ಲ. ಪಟ್ಟಿಂಗ್ ಸುಧಾರಿಸಿಕೊಳ್ಳಬೇಕೆನ್ನುವವರು ಮೊದಲು ವೇಗವನ್ನು ಹತೋಟಿಗೆ ತಂದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓರೆಯಾದ ಗ್ರೀನ್ ಮೇಲೆ ಉರುಳುವ ಚೆಂಡು ವೇಗ ಕಳೆದುಕೊಂಡಷ್ಟೂ ಹೆಚ್ಚು ಬಾಗುತ್ತದೆ. ಹೀಗಾಗಿ ಒಂದೇ ಜಾಗದಿಂದ ಒಂದೇ ಕುಳಿಗೆ ಹಲವು ದಾರಿಗಳಿರುತ್ತವೆ: ಜೋರಾಗಿ ಹೊಡೆದರೆ ಹೆಚ್ಚು ನೇರವಾದದ್ದು, ಮೆಲ್ಲಗೆ ಹೊಡೆದರೆ ಹೆಚ್ಚು ಬಾಗಿದ್ದು. ವೇಗವನ್ನು ನಿರ್ಧರಿಸಿಕೊಳ್ಳದೆ ಚೆಂಡಿನ ಹಿಂದೆ ಕುಳಿತು ದಾರಿಯನ್ನು ಎಷ್ಟು ಹೊತ್ತು ಅಳೆದರೂ ಉತ್ತರ ಸಿಗುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಕುಳಿಯ ವ್ಯಾಸ 108 ಮಿ.ಮೀ. ಎಂಬುದು ನಿಯಮ, ಆದರೆ ಅಂಚಿಗೆ ನಿಧಾನವಾಗಿ ಬಂದ ಚೆಂಡು ಒಳಗೆ ಬೀಳುತ್ತದೆ, ಅದೇ ಅಂಚಿಗೆ ರಭಸದಿಂದ ಬಂದದ್ದು ಸುತ್ತು ಹಾಕಿ ಹೊರಗೆ ಹೋಗುತ್ತದೆ. ಹಾಗಾಗಿ ವೇಗ ಹೆಚ್ಚಿದಂತೆಲ್ಲ ಚೆಂಡಿಗೆ ದಕ್ಕುವ ಕುಳಿ ಕಿರಿದಾಗುತ್ತದೆ. ಕುಳಿ ತಪ್ಪಿದರೆ ಚೆಂಡು ಅದನ್ನು ದಾಟಿ 17 ಅಂಗುಲ, ಅಂದರೆ ಸುಮಾರು 43 ಸೆಂ.ಮೀ., ಆಚೆ ನಿಲ್ಲುವಂತಹ ವೇಗವೇ ಉತ್ತಮ ಎಂದು ಪಟ್ಟಿಂಗ್ ತರಬೇತುದಾರ ಡೇವ್ ಪೆಲ್ಜ್ ಹೇಳಿದ್ದರು. ಏರು, ಇಳಿಜಾರುಗಳಿಗೆಲ್ಲ ಅದೊಂದೇ ಅಳತೆ ಹೊಂದುತ್ತದೆಂದು ನನಗೆ ಅನ್ನಿಸುವುದಿಲ್ಲವಾದರೂ, ಕಲಿಯುವವರಿಗೆ ಅದು ಒಳ್ಳೆಯ ಗುರಿ.

ವೇಗದ ಅಭ್ಯಾಸಕ್ಕೆ ಕುಳಿಯೇ ಬೇಕಾಗಿಲ್ಲ. ನಿಜಕ್ಕೂ ಅದು ಇಲ್ಲದಿದ್ದರೇ ಮೇಲು, ಏಕೆಂದರೆ ಚೆಂಡು ಒಳಗೆ ಬಿತ್ತೋ ಇಲ್ಲವೋ ಎಂಬ ಚಿಂತೆ ಆಗ ಕಾಡುವುದಿಲ್ಲ. ಗ್ರೀನ್‌ನ ಒಂದು ಬದಿಯಲ್ಲಿ ನಿಂತು, ಎದುರಿನ ಅಂಚಿನಲ್ಲಿ ಹುಲ್ಲು ಎತ್ತರವಾಗುವ ಗೆರೆಯ ಬಳಿ ಚೆಂಡು ನಿಲ್ಲುವಂತೆ ಹೊಡೆಯಿರಿ. ಅನಂತರದ ಚೆಂಡು ಅದಕ್ಕಿಂತ ತುಸು ಹಿಂದೆ, ಮುಂದಿನದು ಇನ್ನೂ ತುಸು ಹಿಂದೆ ನಿಲ್ಲಬೇಕು. ದೂರ ಹೆಚ್ಚಿದಾಗ ಕೈಯ ಬಲವನ್ನು ಹೆಚ್ಚಿಸುವ ಬದಲು ಪಟ್ಟರ್ ಅನ್ನು ಹಿಂದಕ್ಕೆ ಒಯ್ಯುವ ಅಳತೆಯನ್ನು ಹೆಚ್ಚಿಸಿ, ಲಯವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಮಣಿಕಟ್ಟುಗಳು ಸುಮ್ಮನಿದ್ದು ಭುಜಗಳು ಕೆಲಸ ಮಾಡಬೇಕು. ಹಿಡಿತ ಬಿಗಿಯಾದರೆ ಈ ಲಯ ಕೆಡುತ್ತದೆ. ಚೆಂಡು ಪಟ್ಟರ್‌ನ ನಡುವಿಗೆ ತಾಗದೆ ತುದಿಯ ಕಡೆಗೆ ತಾಗಿದರೂ ದೂರ ಕಡಿಮೆಯಾಗುತ್ತದೆ ಎಂಬುದನ್ನು ಅನೇಕರು ಗಮನಿಸುವುದೇ ಇಲ್ಲ, ಗ್ರೀನ್ ನಿಧಾನವಾಗಿದೆ ಎಂದುಕೊಳ್ಳುತ್ತಾರೆ.

ಗ್ರೀನ್‌ನ ವೇಗವೂ ದಿನದಿಂದ ದಿನಕ್ಕೆ ಬದಲಾಗುವುದು ನಿಜ. ಅದನ್ನು ಅಳೆಯಲು ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದ ಸ್ಟಿಂಪ್‌ಮೀಟರ್ ಇಂದಿಗೂ ಬಳಕೆಯಲ್ಲಿದೆ. ಓರೆಯಾದ ಪಟ್ಟಿಯಿಂದ ಜಾರಿಬಿಟ್ಟ ಚೆಂಡು ಸಮತಟ್ಟಾದ ನೆಲದ ಮೇಲೆ ಎಷ್ಟು ಅಡಿ ಉರುಳುತ್ತದೆ ಎಂಬುದೇ ಅದರ ಅಳತೆ. ಇಬ್ಬನಿಯ ಮುಂಜಾನೆಯ ಗ್ರೀನ್ ಒಣಗಿದ ಮಧ್ಯಾಹ್ನದ ಗ್ರೀನ್‌ಗಿಂತ ನಿಧಾನ.

ದಿಕ್ಕಿನ ಅಭ್ಯಾಸ ಬೇಡವೆಂದು ನಾನು ಹೇಳುತ್ತಿಲ್ಲ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಪಟ್ಟರ್‌ನ ಮುಖ ಎತ್ತ ನೋಡುತ್ತಿದೆ ಎಂಬುದೇ. ಚೆಂಡು 1 ಡಿಗ್ರಿ ಓರೆಯಾಗಿ ಹೊರಟರೆ ಮೂರು ಮೀಟರ್ ದೂರದಲ್ಲಿ ಅದು ಸುಮಾರು 5 ಸೆಂ.ಮೀ. ತಪ್ಪುತ್ತದೆ; ಕುಳಿಯ ಅರ್ಧ ಅಗಲ 5.4 ಸೆಂ.ಮೀ. ಮಾತ್ರ. ಪಟ್ಟರ್‌ನ ತಲೆ ಮಾತ್ರ ಹಾಯುವಷ್ಟು ಅಂತರ ಬಿಟ್ಟು ಎರಡು ಟೀಗಳನ್ನು (ಚೆಂಡು ಇಡುವ ಸಣ್ಣ ಗೂಟಗಳನ್ನು) ನೆಟ್ಟು, ಅವುಗಳಿಗೆ ತಾಗದಂತೆ ಹೊಡೆಯುವ ಅಭ್ಯಾಸ ಇದಕ್ಕೆ ಸಾಕು. ಟೈಗರ್ ವುಡ್ಸ್ ಕೂಡ ಇದನ್ನೇ ಮಾಡುತ್ತಿದ್ದರು.

ಅಮೆರಿಕದ ಗಾಲ್ಫ್ ಪಂದ್ಯಸರಣಿಯಾದ ಪಿಜಿಎ ಟೂರ್‌ನ ವೃತ್ತಿಪರರೇ 8 ಅಡಿ ದೂರದಿಂದ ಹೊಡೆದ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕುಳಿ ಸೇರುತ್ತವೆ. ಆದ್ದರಿಂದ ದೂರದ ಪಟ್‌ನಲ್ಲಿ, ಎರಡನೆಯ ಹೊಡೆತ ಸುಲಭವಾಗುವಷ್ಟು ಹತ್ತಿರಕ್ಕೆ ಚೆಂಡನ್ನು ತಂದು ನಿಲ್ಲಿಸುವುದೇ ಸರಿಯಾದ ಗುರಿ. ಆಟಕ್ಕೆ ಇಳಿಯುವ ಮುನ್ನ ಸಿಗುವ ಹತ್ತು ನಿಮಿಷಗಳಲ್ಲಿ ಒಂದೇ ಚೆಂಡನ್ನು ಬಳಸಿ, ಪ್ರತಿ ಸಲವೂ ಬೇರೆ ಬೇರೆ ದೂರದಿಂದ ಹೊಡೆದು, ಅದು ಕುಳಿ ಸೇರುವವರೆಗೂ ಆಡಿ ಮುಗಿಸಿ.