ರೇನಿಯರ್ ಮೇಲೆ ಒಂದೇ ಹಗ್ಗದಲ್ಲಿ

ಸಿಯಾಟಲ್‌ನಲ್ಲಿ ಮೋಡವಿಲ್ಲದ ದಿನ ಕಚೇರಿಯ ಕಿಟಕಿಯಿಂದಲೇ ಕಾಣುವ ರೇನಿಯರ್ ಪರ್ವತವನ್ನು ಹತ್ತಲೇಬೇಕೆಂದು ಹಟ ಹಿಡಿದವಳು ನಮ್ಮ ಗುಂಪಿನ ಧಾರವಾಡದ ಗೆಳತಿ. 4,392 ಮೀಟರ್ ಎತ್ತರದ ಜ್ವಾಲಾಮುಖಿ, ಮೈತುಂಬ ಹಿಮನದಿ. ನಡುದಾರಿಯ ತಂಗುದಾಣ ಕ್ಯಾಂಪ್ ಮ್ಯೂರ್‌ವರೆಗಿನ ನಡಿಗೆಯಲ್ಲಿ ಹೇಳುವಂಥದ್ದೇನಿಲ್ಲ. ಬೆನ್ನಿನ ಹೊರೆ, ಬಿಸಿಲು, ಅಷ್ಟೇ. ಮಲವನ್ನೂ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕೆಂಬ ನಿಯಮ ಕೇಳಿದಾಗ ಎಲ್ಲರ ಮುಖ ನೋಡಬೇಕಿತ್ತು! ನನಗಂತೂ ಅದು ನ್ಯಾಯವೆನಿಸಿತು.

ನಿಜವಾದ ಏರು ನಡುರಾತ್ರಿಗೆ. ಬಿಸಿಲೇರಿದರೆ ಹಿಮನದಿಯ ಬಿರುಕುಗಳ ಮೇಲಿನ ಹಿಮಸೇತುವೆಗಳು ಮೆತ್ತಗಾಗುತ್ತವೆ, ಕಲ್ಲುಗಳು ಉರುಳುತ್ತವೆ. ಇಂಗ್ರಾಹಂ ಹಿಮನದಿಯಲ್ಲಿ ಒಂದೇ ಹಗ್ಗಕ್ಕೆ ಸೊಂಟ ಬಿಗಿದುಕೊಂಡು ನಡೆದೆವು. ಒಬ್ಬರು ಜಾರಿದರೆ ಉಳಿದವರು ಐಸ್ ಆಕ್ಸ್ ಎಂಬ ಹಿಮಗೊಡಲಿಯನ್ನು ಹಿಮಕ್ಕೆ ನಾಟಿ ತಡೆಯಬೇಕು. ಒಂದು ಬಿರುಕಿನ ಮೇಲೆ ಅಲ್ಯೂಮಿನಿಯಂ ಏಣಿ ಮಲಗಿಸಿದ್ದರು. ಬೂಟಿನಡಿಯ ಕ್ರ್ಯಾಂಪನ್ ಮುಳ್ಳು ಏಣಿಗೆ ತಾಗಿ ಕಿರ್ರೆಂದಿತು. ಹಣೆದೀಪದ ಬೆಳಕಿಗೆ ಕೆಳಗೆ ಮೊದಲು ನೀಲಿ, ಆಮೇಲೆ ಕಪ್ಪು, ತಳ ಕಾಣಲಿಲ್ಲ. ಹಿಂದಿನಿಂದ ಗೆಳತಿ ಕೂಗಿದಳು: "ಬಿದ್ದೀಯ ಜೋಕೆ, ನನ್ನ ಸಾಲ ಇನ್ನೂ ತೀರಿಸಿಲ್ಲ ನೀನು."

ತುದಿಯ ಕುಳಿಯಂಚಿನ ಬರಿಗಲ್ಲುಗಳ ನಡುವಿನಿಂದ ಹಬೆ ಏಳುತ್ತಿತ್ತು. ಚೀಲದಲ್ಲಿದ್ದ ಚಕ್ಕುಲಿ ಪುಡಿಪುಡಿಯಾಗಿತ್ತು. ಅದನ್ನೇ ಮುಕ್ಕಿದೆವು. ಇಳಿಯುವಾಗ ಮೊಣಕಾಲು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.