ಸಾಹೇಬನೂ ಊದ್ತಾನ?

ಹೋದ ವಾರ ಬೆಳಿಗ್ಗೆ ಐದಕ್ಕೆ ನಮ್ಮ ಗಣಿಯ ಗೇಟಿನಲ್ಲಿ, ಕುಡಿದಿದ್ದೀವಾ ಅಂತ ನೋಡೋ ಮೀಟರಿಗೆ ಊದಿದೆ. 0.012 ಬಂತು. ನಾನು ಕುಡಿಯೋದೇ ಇಲ್ಲ ಮಾರಾಯ್ರೇ! ಹಿಂದೆ ಉದ್ದ ಸಾಲು ಬೇರೆ. ಬೆವತುಬಿಟ್ಟೆ. ನೋಡಿದ್ರೆ ಅದು ಆಗಷ್ಟೇ ಬಾಯಿ ಮುಕ್ಕಳಿಸಿದ್ದ ಮೌತ್‌ವಾಶ್‌ನ ಕಿತಾಪತಿ. ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸಿದರು. 0.000.

ಆಸ್ಟ್ರೇಲಿಯಾದಲ್ಲಿ ಪೂರ್ತಿ ಲೈಸೆನ್ಸ್ ಇದ್ದವರು ಕಾರು ಓಡಿಸೋಕೆ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.05ಕ್ಕಿಂತ ಕಡಿಮೆ ಇದ್ದರೆ ನಡೆಯುತ್ತೆ. ಇಲ್ಲಿನ ಪಶ್ಚಿಮ ಭಾಗದ ಪಿಲ್ಬರಾದ ನಮ್ಮ ಕಬ್ಬಿಣದ ಗಣಿಯಲ್ಲಿ ಸೊನ್ನೆ ಅಂದ್ರೆ ಸೊನ್ನೆ. ರಾತ್ರಿ ಜಾಸ್ತಿ ಕುಡಿದದ್ದು ಬೆಳಿಗ್ಗೆಯೂ ಸಿಕ್ಕಿಬೀಳುತ್ತೆ. ಗಾಂಜಾ, ನಶೆ ಮಾತ್ರೆ ಇಂಥವುಗಳ ಪರೀಕ್ಷೆಗೆ ಚೀಟಿ ಎತ್ತಿದ ಹಾಗೆ ಹೆಸರು ಬರುತ್ತೆ. ಎಂಜಲು ತೆಗೀತಾರೆ, ಕೆಲವು ಕಡೆ ಮೂತ್ರ. ಗಾಂಜಾದ ನಶೆ ಇಳಿದು ಎಷ್ಟೋ ದಿನ ಆದ್ಮೇಲೂ ಮೂತ್ರದಲ್ಲಿ ಸಿಗುತ್ತೆ. ರಜೆಯಲ್ಲಿ ಮಾಡಿದ್ದು ಇವರಿಗ್ಯಾಕೆ ಅಂತ ಕ್ಯಾಂಪಿನಲ್ಲಿ ಗೊಣಗೋರು ಇದ್ದಾರೆ. ಅದರಲ್ಲೂ ನ್ಯಾಯ ಇದೆ ಅನ್ನಿ.

ಸಂಜೆ ಪರ್ತ್‌ಗೆ ಫೋನ್ ಮಾಡಿ ಹೇಳಿದ್ರೆ ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪ ಫೇಲು!" ಆಮೇಲೆ ಸುಮ್ನೆ ಕೇಳಿದಳು: "ಮುತ್ಯಾನೂ ಕಲ್ಲಿನ ಗಣಿಲಿ ಇದ್ರಲ್ವಾ? ಅವರೂ ದಿನಾ ಊದ್ತಿದ್ರಾ?"

ಏನು ಹೇಳಲಿ?

ಶಹಾಬಾದಿನ ಪರ್ಸಿ (ನೆಲಕ್ಕೆ ಹಾಸೋ ಕಲ್ಲು) ಖಣಿಯಲ್ಲಿ ಅಪ್ಪ ಹಾರೆ ಹಾಕಿ ಕಲ್ಲು ಎಬ್ಬಿಸುತ್ತಿದ್ದ. ಸೊಂಟ ನೆಟ್ಟಗಾಗಬೇಕು ಅಂದ್ರೆ ಸೇಂದಿ ಬೇಕು. ಒಮ್ಮೊಮ್ಮೆ ಬೆಳಿಗ್ಗೆನೇ. ನಾನು ರೊಟ್ಟಿ ಬುತ್ತಿ ಒಯ್ದ ದಿನ ಮುಕಾದಮ, ಅಂದ್ರೆ ಕೂಲಿಗಳ ಮೇಸ್ತ್ರಿ, ಅಪ್ಪನ ಗದ್ದ ಹಿಡಿದೆತ್ತಿ ಬಾಯಿ ಮೂಸಿದ. ತಂಬಾಕು ತಿಕ್ಕುತ್ತಿದ್ದ ಕೈ. ಅಪ್ಪನ ಕುರುಚಲು ಗಡ್ಡಕ್ಕೆ ಸುಣ್ಣ ಮೆತ್ತಿತು. ಅರ್ಧ ದಿನದ ಪಗಾರ ಕಟ್. ಕಟ್ ಮಾಡಿ ಮತ್ತೆ ಅದೇ ಖಣಿಗೆ ಇಳಿಸಿದ! ಕಾಲ ಮೇಲೆ ಕಲ್ಲು ಬಿದ್ದರೆ ಅನ್ನೋ ಯೋಚನೆ ಯಾರಿಗಿತ್ತು? ಮುಕಾದಮನ ಬಾಯನ್ನಂತೂ ಯಾರೂ ಮೂಸಲಿಲ್ಲ. ಅಪ್ಪ ಒರೆಸಿಕೊಳ್ಳದೆ ಹಾಗೇ ಕೆಳಗಿಳಿದ. ನಾನು ಬುತ್ತಿ ಹಿಡಿದು ನಿಂತೇ ಇದ್ದೆ.

ಇಲ್ಲೂ ಮೆತ್ತಗಿಲ್ಲ. ಸಿಕ್ಕಿಬಿದ್ದರೆ ಕೆಲಸವೇ ಹೋಗಬಹುದು. ಆದ್ರೆ ಯಂತ್ರ ಹತ್ತೋಕೆ ಬಿಡಲ್ಲ. ಗದ್ದ ಹಿಡಿಯಲ್ಲ.

ಭಾನುವಾರ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಮೌತ್‌ವಾಶ್ ಕಥೆ ಹೇಳಿದೆ. ನಗಲಿಲ್ಲ. "ನಿಮ್ಮ ಸಾಹೇಬನೂ ಊದ್ತಾನ?" ಅಂದ.

"ಹೂಂ, ನನ್ನ ಹಿಂದೇನೇ ನಿಂತಿದ್ದ."

"ಸುಳ್ಳ ಹೇಳಬ್ಯಾಡ ತಮ್ಮಾ" ಅಂದು ಫೋನನ್ನು ಅವ್ವನ ಕೈಗೆ ಕೊಟ್ಟ.