ಆಲೂಗಡ್ಡೆಯ ಹಸಿರು ಮಗ್ಗುಲು

ಇವತ್ತು ಆಲೂಗಡ್ಡೆ ಸಿಪ್ಪೆ ತೆಗೀತಾ ಇದ್ದೆ. ಒಂದರ ಮಗ್ಗುಲಲ್ಲಿ ಬೆರಳಗಲ ಹಸಿರು. ಮೇಲೆ ಎರಡು ಮೊಳಕೆ ಬೇರೆ. ಕಿಟಕಿ ಪಕ್ಕ ಬಿಟ್ಟು ಮರೆತಿದ್ದು ನಾನೇ.

ಹಸಿರು ಬರೀ ಪತ್ರಹರಿತ್ತು, ಪಾಪ, ಅದರದ್ದೇನೂ ತಪ್ಪಿಲ್ಲ. ಆದರೆ ಬೆಳಕು ಬಿದ್ದಲ್ಲಿ ಸದ್ದಿಲ್ಲದೆ ಸೋಲನಿನ್ ಅನ್ನೋ ರಾಸಾಯನಿಕವೂ ಹೆಚ್ಚುತ್ತೆ. ಬಾಯಿಗೆ ಕಹಿ, ಹೊಟ್ಟೆಗೆ ವಿಷ. ಬೇಯಿಸಿದ್ರೂ ಪೂರ್ತಿ ಹೋಗಲ್ಲ.

ಆಲೂಗಡ್ಡೆಯ ಮನೆತನವೇ ಹೀಗೆ. ಬದನೆ, ಟೊಮೆಟೊ, ಮೆಣಸಿನಕಾಯಿ ಒಂದು ಕಡೆ. ತಂಬಾಕು, ದತ್ತೂರಿ ಇನ್ನೊಂದು ಕಡೆ. ಎಲ್ಲಾ ದಾಯಾದಿಗಳೇ! ಇದೇ ಮನೆತನದ ಬೆಲ್ಲಡೋನಾ ಗಿಡದ ಹಣ್ಣು ತಿಂದರೆ ಪ್ರಾಣಕ್ಕೇ ಕುತ್ತು. ಅದರಲ್ಲಿರೋ ಅಟ್ರೊಪಿನ್ ಅನ್ನೋ ವಿಷ ಮಾತ್ರ ಕಣ್ಣಿನ ಡಾಕ್ಟರ ಹತ್ರ ಪಾಪೆ ಹಿಗ್ಗಿಸೋ ಹನಿ.

ಹಸಿರಾದದ್ದು ಕಸದ ಬುಟ್ಟಿಗೆ ಹೋಯ್ತು. ಉಳಿದವನ್ನ ಕತ್ತಲೆ ಮೂಲೆಗೆ ತಳ್ಳಿದೀನಿ.